ಸತ್ತವರು ಕಥೆ ಹೇಳಬಾರದು

ಕಥೆಯಲ್ಲಿ ಮಾತಾಡುತ್ತಿರುವವರು ಯಾರು, ಅವರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ? ಇಷ್ಟೇ ಪಾಠ. ಇದನ್ನು ಮಾಡಲು ದಿನಾ ಹೊಸಪೇಟೆಯಲ್ಲಿ ಬಸ್ಸು ಹತ್ತಿ ಕಂಪ್ಲಿಯಲ್ಲಿ ಇಳಿಯುವ ನನಗೆ ವರ್ಷಕ್ಕೊಮ್ಮೆಯಾದರೂ ಮುಖಭಂಗ ಆಗದೆ ಇರುವುದಿಲ್ಲ. ಕನ್ನಡ ಮೇಷ್ಟ್ರ ಹಣೆಬರಹ ಎಂದು ನಕ್ಕು ಸುಮ್ಮನಾಗುತ್ತೇನೆ. ಹೋದ ವರ್ಷದ್ದು ಮಾತ್ರ ಇನ್ನೂ ಅರಗಿಲ್ಲ.

೧. ಬರೆದವರು, ಹೇಳುವವರು

“ಕಥೆ ಬರೆದವರು ಬೇರೆ, ಕಥೆಯೊಳಗೆ ‘ನಾನು’ ಎಂದು ಹೇಳುವವರು ಬೇರೆ” ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದ.

“ಅಂದ್ರ, ಭಾಷಣ ಮಾಡೋರು ಪ್ರಿನ್ಸಿಪಾಲ್ರು, ಅದನ್ನ ಬರ್ದು ಕೊಡೋರು ನೀವು. ಹಂಗಲ್ರಿ ಸರ್?”

ಇಷ್ಟು ಒಳ್ಳೆಯ ಉದಾಹರಣೆ ನನಗೆ ಇಪ್ಪತ್ತು ವರ್ಷದಲ್ಲಿ ಹೊಳೆದಿರಲಿಲ್ಲ. ಹೊರಗೆ ವರಾಂಡದಲ್ಲಿ ಹೋಗುತ್ತಿದ್ದ ಪ್ರಿನ್ಸಿಪಾಲರಿಗೂ ಪಾಠ ಚೆನ್ನಾಗಿ ಅರ್ಥವಾಯಿತು. ಮುಂದಿನ ಭಾಷಣವನ್ನು ಅವರು ತಾವೇ ಬರೆದುಕೊಂಡರು. ನಿವೃತ್ತನಾಗುತ್ತಿದ್ದ ಜವಾನನ ಬೀಳ್ಕೊಡುಗೆ ಅದು. ಜವಾನ ಹಾರ ಹಾಕಿಕೊಂಡು ಎದುರಿಗೇ ಕೂತಿದ್ದ. ಪ್ರಿನ್ಸಿಪಾಲರು ಅವನ ಆತ್ಮಕ್ಕೆ ಶಾಂತಿ ಕೋರಿ ಮಾತು ಮುಗಿಸಿದರು.

೨. ಮಂಚದ ಮಾತು

ಮನೆಯಲ್ಲಿ ನಡೆದ ಒಂದು ಘಟನೆಯನ್ನು ಬೇರೆ ಯಾರದಾದರೂ ಕಣ್ಣಿನಿಂದ ನೋಡಿ ಬರೆಯಿರಿ ಎಂದು ಹತ್ತು ಅಂಕದ ಕೆಲಸ ಕೊಟ್ಟೆ. ಹತ್ತಿರದ ಮೆಟ್ರಿ ಹಳ್ಳಿಯಿಂದ ಬರುವ ಒಬ್ಬಳು ಹುಡುಗಿ, ಯಾವತ್ತೂ ಬಾಯಿ ಬಿಡದವಳು, ಎದ್ದು ನಿಂತಳು.

“ಸತ್ತವರ ಕಣ್ಣಿಲೆ ಬರಿಬೋದೇನ್ರಿ ಸರ್?”

“ಕಣ್ಣು ಮುಚ್ಚಿದವರಿಗೆ ಎಲ್ಲಿಯ ದೃಷ್ಟಿಕೋನ, ಯವ್ವಾ? ಬ್ಯಾಡ, ಕುಂದ್ರು” ಎಂದೆ. ಕ್ಲಾಸು ನಕ್ಕಿತು. ನಾನೂ ನಕ್ಕೆ. ಆ ನಗು ನೆನೆದರೆ ಈಗ ನಾಚಿಕೆಯಾಗುತ್ತದೆ.

ಸಂಡೂರು ಕಡೆಯ ವಡ್ಡು ಎಂಬ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗ ತನ್ನ ಅಜ್ಜನ ಸಾವನ್ನು ಅಜ್ಜನ ಮಂಚದ ಬಾಯಲ್ಲಿ ಹೇಳಿಸಿದ್ದ. ಕೊನೆಗೆ ಮಂಚ ಹೇಳುತ್ತದೆ: “ಎಂಟು ತಿಂಗಳ ಭಾರ ಇವತ್ತು ಇಳಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಅಜ್ಜನ ದೊಡ್ಡ ಮಗ ಬಂದು ಕೂತ. ಅವನು ಅಜ್ಜನ ಎರಡರಷ್ಟಿದ್ದಾನೆ.”

ಕ್ಲಾಸಿಗೆ ಓದಿ ಹೇಳಿ ಒಂಬತ್ತು ಅಂಕ ಕೊಟ್ಟೆ. ಮೆಟ್ರಿಯ ಹುಡುಗಿ ಮತ್ತೆ ಎದ್ದಳು.

“ಮಂಚ ಮಾತಾಡಬೋದು, ಸತ್ತೋರು ಮಾತಾಡಬಾರ್ದೇನ್ರಿ?”

ನಾನು ನೋಟ್ಸಿನ ಹಾಳೆ ತಿರುವತೊಡಗಿದೆ. ಅಷ್ಟರಲ್ಲಿ ಬೆಲ್ಲು ಹೊಡೆದದ್ದು ನನ್ನ ಪುಣ್ಯ.

೩. ಪಾಸು

ಬೇಡವೆಂದರೂ ಅವಳು ಸತ್ತವನ ಬಾಯಲ್ಲೇ ಬರೆದಿದ್ದಳು. ಅವಳ ಅಣ್ಣ ಹಿಂದಿನ ವರ್ಷ ಕಾಲುವೆಯಲ್ಲಿ ಮುಳುಗಿ ಹೋಗಿದ್ದ. ಅದು ನನಗೆ ಗೊತ್ತಿರಲಿಲ್ಲ. ‘ನಾನು ಸತ್ತು ವರ್ಷವಾಯಿತು’ ಎಂಬ ಮೊದಲ ಸಾಲಿಗೇ ಕೆಂಪು ಗೆರೆ ಎಳೆದು, ‘ಅಸಾಧ್ಯ’ ಎಂದು ಬರೆದು, ಹತ್ತಕ್ಕೆ ಎರಡು ಹಾಕಿ, ಮುಂದೆ ಓದದೆ ನೋಟ್‌ಬುಕ್ ಮಡಚಿದ್ದೆ.

ವಾರದ ಮೇಲೆ ಅವಳ ಅಪ್ಪ ಅದೇ ನೋಟ್‌ಬುಕ್ ಹಿಡಿದು ಮಗಳ ಜೊತೆ ಸ್ಟಾಫ್ ರೂಮಿಗೆ ಬಂದರು. ಮುಖ ನೋಡಿದರೆ ಹೊಡೆಯಲು ಬಂದಂತಿತ್ತು. “ಕುಂದ್ರಿ ಯಜಮಾನ್ರೆ” ಎನ್ನುತ್ತ ನಾನು ಮೇಜಿನ ಆಚೆ ಬದಿಗೆ ಸರಿದುಕೊಂಡೆ. ಅವರು ಕೂರಲಿಲ್ಲ.

“ನನಗ ಓದಾಕ ಬರಂಗಿಲ್ರಿ ಸರ. ಈಕಿ ಓದಿ ಹೇಳ್ಯಾಳ. ಕಾಲುವ್ಯಾಗಿನ ಮೋಟರ್ ಪೈಪ್ ಎತ್ತಿಕೊಂಡು ಬಾ ಅಂತ ಅವತ್ತು ಅವನ್ನ ಕಳಿಸಿದಾವ ನಾನು. ಅವತ್ತಿನಿಂದ ಅವರವ್ವ ನನ್ನ ಕೂಡ ಮಾತು ಬಿಟ್ಟಾಳ. ಇದರಾಗ ಅವ, ‘ಅಪ್ಪ ಕಳಿಸಿದ್ದು ಪೈಪ್ ಎತ್ತಾಕ, ನಾನು ಇಳಿದದ್ದು ಈಜಾಕ, ಅಪ್ಪನ ತಪ್ಪಿಲ್ಲ’ ಅಂತಾನ. ಖರೇ ಹೇಳ್ರಿ. ಇದನ್ನ ಹೇಳಿದಾವ ಅವನೋ, ಈಕಿಯೋ?”

ಹುಡುಗಿ ನೆಲ ನೋಡುತ್ತಿದ್ದಳು. ನಾನು ಆ ಎರಡು ಪುಟವನ್ನು ಮೊದಲ ಸಲ ಪೂರ್ತಿ ಓದಿದೆ.

“ಬರೆದವರು ಬೇರೆ, ಹೇಳುವವರು ಬೇರೆ ಯಜಮಾನ್ರೆ. ಬರದಾಕಿ ನಿಮ್ಮ ಮಗಳು. ಹೇಳಿದಾವ ಅವನೇ” ಎಂದೆ. ಇಪ್ಪತ್ತು ವರ್ಷದಿಂದ ಇದೇ ವಾಕ್ಯ ಹೇಳುತ್ತಿದ್ದೇನೆ. ಒಬ್ಬರಿಗಾದರೂ ಅದು ಉಪಯೋಗಕ್ಕೆ ಬಂದದ್ದು ಅವತ್ತೇ.

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಕೆಂಪು ಎರಡರ ಮೇಲೆ ಬೆರಳಿಟ್ಟರು.

“ಅಕ್ಷರ ಬರದಿದ್ರೂ ಅಂಕಿ ಬರ್ತಾವ್ರಿ ನನಗ. ಇದ್ದಾಗಂತೂ ಒಬ್ಬ ಮಾಸ್ತರೂ ಅವನ್ನ ಪಾಸ್ ಮಾಡ್ಲಿಲ್ಲ. ಸತ್ತ ಮ್ಯಾಲೂ ಫೇಲ್ ಮಾಡಿದ್ರಲ್ರಿ?”

ಹುಡುಗಿ ಫಕ್ಕನೆ ನಕ್ಕುಬಿಟ್ಟಳು. ನಾನು ಎರಡನ್ನು ಹೊಡೆದುಹಾಕಿ ಹತ್ತು ಬರೆಯಲು ಹೋದೆ. ಅವರು ನನ್ನ ಕೈ ಹಿಡಿದರು.

“ಹತ್ತು ಬ್ಯಾಡ್ರಿ ಸರ. ನಾಕು ಹಾಕ್ರಿ, ಪಾಸಾದ್ರ ಸಾಕು. ಮನ್ಯಾಗ ತೋರಿಸ್ಬೇಕು. ಹತ್ತು ಕಂಡ್ರ, ಹೇಳಿದಾವ ಅವನೇ ಅಂತ ಅವರವ್ವ ನಂಬಂಗಿಲ್ಲ.”