ಹಲ್ಲಿಲ್ಲದ ಸುಲ್ತಾನನ ರೊಟ್ಟಿ

ಒಂದು ಕಾಲದಲ್ಲಿ, ಅಂದರೆ ಅಂಗಳದ ನಿಂಬೆಗಿಡ ಇನ್ನೂ ಗೋಡೆಯೆತ್ತರಕ್ಕೆ ಬೆಳೆಯದಿದ್ದ ಕಾಲದಲ್ಲಿ, ಕೈರುವಾನ್ ಪಟ್ಟಣದಲ್ಲಿ ಒಬ್ಬ ಸುಲ್ತಾನನಿದ್ದ. ಅವನಿಗೆ ಕಿರೀಟವಿರಲಿಲ್ಲ, ಸೈನ್ಯವಿರಲಿಲ್ಲ, ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ವಯಸ್ಸು ಏಳು ತಿಂಗಳು, ಹೆಸರು ಇಯಾದ್. ತಾಯಿಯ ಹಾಲು ಬಿಟ್ಟು ಬೇರೇನೂ ತನ್ನ ತುಟಿಗೆ ಸೋಕಕೂಡದೆಂಬುದು ಅವನ ರಾಜಾಜ್ಞೆ.

ಸುಲ್ತಾನನ ತಂದೆ ಲಸ್ಸಾದ್ ಕ್ಷೌರಿಕ. ಊರಿನ ದೊಡ್ಡ ದೊಡ್ಡವರ ತಲೆಯನ್ನೂ ಎರಡೇ ಬೆರಳಲ್ಲಿ ಬಗ್ಗಿಸಬಲ್ಲವನು. ಮನೆಯಲ್ಲಿರುವ ಕಿತ್ತಳೆಹಣ್ಣಿನಷ್ಟು ತಲೆಯೊಂದು ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ.

ಅವತ್ತು ಸೋಮವಾರ, ಕ್ಷೌರದಂಗಡಿಗೆ ರಜೆ. ಹೆಂಡತಿ ಸಿಹಾಮ್ ತಲೆಗೆ ವಸ್ತ್ರ ಕಟ್ಟಿಕೊಳ್ಳುತ್ತಾ ಹೇಳಿದಳು:

"ನಾನು ಶಾಲೆಗೆ ಹೋಗಿ ದೊಡ್ಡ ಮೇಡಂನ ನೋಡ್ಕೊಂಡು ಬರ್ತೀನಿ. ಇವತ್ತು ಇವನು ರೊಟ್ಟಿ ತಿಂದ್ರೆ ನಾಳೆಯಿಂದ ನಾನು ಕೆಲಸಕ್ಕೆ. ಇಲ್ಲಾಂದ್ರೆ ಆ ಜಾಗಕ್ಕೆ ಬೇರೆ ಟೀಚರ್ ಬರ್ತಾಳೆ. ನಾನು ಶಾಲೇಲಿರೋವಾಗ ಇವನು ನಿನ್ನಂಗಡೀಲೇ ಇರ್ಬೇಕು, ಅಲ್ಲಿ ಮಧ್ಯಾಹ್ನ ಹಸಿವಾದ್ರೆ ಗಂಜಿ ಕಾಯ್ಸೋಕೆ ಒಲೇನೂ ಇಲ್ಲ."

"ತಿಂತಾನೆ ಬಿಡು, ಮಾತು ಕೊಡ್ತೀನಿ. ರೊಟ್ಟಿ ತಾನೇ? ಕತ್ತಿ ಅಲ್ವಲ್ಲ."

"ನೆಟ್ಟಗೆ ಕೂರಿಸು. ಗಟ್ಟಿ ಅಂಚು ಕೊಡ್ಬೇಡ. ಬೆರಳಷ್ಟುದ್ದ ಕತ್ತರಿಸಿ, ಅಂಗುಳಕ್ಕೆ ಅಂಟದ ಹಾಗೆ ಸ್ವಲ್ಪ ಬಿಸಿ ಮಾಡಿ, ಎಣ್ಣೆ ಸವರು. ಬಾಯಿಗೆ ತುರುಕ್ಬೇಡ, ಅವನೇ ಹಿಡ್ಕೊಳ್ಲಿ. ಜೇನು ಅಂತೂ ವರ್ಷ ತುಂಬೋವರೆಗೂ ಬೇಡ್ವೇ ಬೇಡ."

ಅವಳು ಹೊರಟಳು. ಲಸ್ಸಾದ್ ಮಗನನ್ನು ಅಂಗಳದಲ್ಲಿ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮದುಮಗನ ಮೀಸೆ ಕತ್ತರಿಸುವಷ್ಟು ಜೋಪಾನವಾಗಿ ರೊಟ್ಟಿಯನ್ನು ಕತ್ತರಿಸಿ, ಬಿಸಿ ಮಾಡಿ, ಆಲಿವ್ ಎಣ್ಣೆ ಸವರಿ ಮುಂದಿಟ್ಟ.

ಸುಲ್ತಾನ ತುಂಡನ್ನು ಹಿಡಿದ. ತಿರುಗಿಸಿ ನೋಡಿದ. ನೆಲಕ್ಕೆಸೆದ.

ಬಿದ್ದ ರೊಟ್ಟಿಯನ್ನು ಹಾಗೇ ಬಿಡುವ ಮನುಷ್ಯ ಆ ಊರಲ್ಲಿ ಹುಟ್ಟಿಲ್ಲ. ಲಸ್ಸಾದ್ ಬಗ್ಗಿ ಎತ್ತಿಕೊಂಡ, ಮುತ್ತಿಟ್ಟ, ಹಣೆಗೊತ್ತಿಕೊಂಡ, ಕಾಲು ತಾಗದಿರಲೆಂದು ಗೋಡೆಯ ಗೂಡಿನಲ್ಲಿಟ್ಟ. ಹಕ್ಕಿಗಳು ತಿಂದುಕೊಳ್ಳಲಿ.

ಸುಲ್ತಾನ ಬೆರಗಾದ. ಆಮೇಲೆ ಕೊಡ ಮಗುಚಿದ ಹಾಗೆ ಗಲಗಲ ನಕ್ಕ. ಎರಡನೆಯ ತುಂಡನ್ನೂ ಎಸೆದ. ಅಪ್ಪ ಮತ್ತೆ ಬಗ್ಗಿದ, ಮುತ್ತಿಟ್ಟ, ಹಣೆಗೊತ್ತಿದ. ಸುಲ್ತಾನನ ನಗು ಇನ್ನೂ ಜೋರಾಯಿತು.

ನಗು ಕೇಳಿ ಎದುರು ಕೋಣೆಯ ಖಾಲ್ತಿ ಮನ್ನೂಬಿಯಾ ಬಂದಳು. ಆಕೆ ಆ ವಠಾರದ ಅಂಗಳಕ್ಕೆಲ್ಲ ಖಾಲ್ತಿ, ಅಂದರೆ ಚಿಕ್ಕಮ್ಮ. ಆ ರೊಟ್ಟಿ ಆಕೆಯದೇ ಮಣ್ಣಿನ ಒಲೆಯಲ್ಲಿ ಬೆಂದದ್ದು.

"ಏನೋ ಇದು, ನನ್ನ ರೊಟ್ಟೀನ ನೆಲಕ್ಕೆ ಹಾಕ್ತಾನಾ? ಗವರ್ನರ್ ಮನೆಯವರೂ ಕೇಳಿ ಇಸ್ಕೊಂಡು ಹೋಗೋ ರೊಟ್ಟಿ ಕಣೋ!"

"ಆಡ್ತಿದಾನೆ ಖಾಲ್ತಿ."

"ಎಣ್ಣೆ ಯಾರಿಗ್ಬೇಕು? ಜೇನು ಹಚ್ಚು. ನನ್ನ ಏಳು ಮಕ್ಳೂ ಜೇನಲ್ಲೇ ಬೆಳೆದ್ರು."

"ವರ್ಷದೊಳಗೆ ಬೇಡ ಅಂತ ಡಾಕ್ಟ್ರು ಹೇಳಿದಾರೆ."

"ಡಾಕ್ಟ್ರಿಗೆ ಮಕ್ಳೆಷ್ಟು?"

"ಮದ್ವೇನೇ ಆಗಿಲ್ಲ."

"ಕೇಳ್ಕೋ ಮತ್ತೆ!" ಎಂದು ಗೆದ್ದವಳಂತೆ ಕುರ್ಚಿಯ ಪಕ್ಕದಲ್ಲೇ ಠಿಕಾಣಿ ಹೂಡಿದಳು.

ಮೂರನೆಯ ತುಂಡು ಬಿತ್ತು. ತನ್ನ ರೊಟ್ಟಿಯ ಮಾನ ಉಳಿಸಲು ಖಾಲ್ತಿಯೂ ಬಗ್ಗಿದಳು. ಅಷ್ಟರಲ್ಲಿ ಮಾಳಿಗೆಯಿಂದ ನಿವೃತ್ತ ರೈಲ್ವೆ ಗಾರ್ಡ್ ಹಾಜಿ ಹಮ್ಮಾದಿ ಇಳಿದು ಬಂದರು; ನಾಲ್ಕನೆಯದಕ್ಕೆ ಅವರೂ ಬಗ್ಗಿದರು. ಮೂರು ತಲೆಗಳು ತೆಂಗಿನಕಾಯಿ ಒಡೆದಂತೆ ಟಣ್ಣೆಂದವು.

"ರೈಲು ಹೊರಡೋಕೆ ಮೊದಲು ಸಿಳ್ಳೆ ಹಾಕ್ತಾರಮ್ಮ," ಹಾಜಿ ಹಣೆ ಉಜ್ಜಿಕೊಂಡರು.

"ಗೂಡ್ಸ್ ಗಾಡಿ ಹಾಗೆ ನುಗ್ಗಿದ್ದು ಯಾರು?" ಖಾಲ್ತಿ ಬಿಡಲಿಲ್ಲ.

ಮೇಲೆ ಸಿಂಹಾಸನದಲ್ಲಿ ಸುಲ್ತಾನ ಚಪ್ಪಾಳೆ ಬಡಿದ. ಇಡೀ ದರ್ಬಾರು ತನ್ನ ಮುಂದೆ ತಲೆಬಾಗುವುದನ್ನು ಯಾವ ಸುಲ್ತಾನ ತಾನೇ ಬೇಡವೆಂದಾನು!

ಲಸ್ಸಾದ್ ಐದನೆಯದನ್ನು ಎತ್ತಲು ಬಗ್ಗಿದ್ದೇ ತಡ, ಖಾಲ್ತಿ ರೊಟ್ಟಿಯ ಗಟ್ಟಿ ಅಂಚೊಂದನ್ನು ಮಗುವಿನ ಬಾಯಿಗಿಟ್ಟೇಬಿಟ್ಟಳು. "ಇದನ್ನ ಕಚ್ಚಿದ್ರೆ ಹಲ್ಲು ಓಡ್ಕೊಂಡ್ ಬರುತ್ತೆ."

ಬಂದದ್ದು ಹಲ್ಲಲ್ಲ, ಕೆಮ್ಮು. ಮಗುವಿನ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು.

"ಅಯ್ಯೋ! ಬೆರಳು ಹಾಕಿ ತೆಗಿ!" ಖಾಲ್ತಿ ಚೀರಿದಳು.

"ತಲೆಕೆಳಗೆ ಹಿಡಿ!" ಹಾಜಿ ಕೂಗಿದರು.

"ಯಾರೂ ಮುಟ್ಬೇಡಿ!" ಲಸ್ಸಾದ್ ಎರಡೂ ಕೈ ಚಾಚಿ ಅಡ್ಡ ನಿಂತ. ಆ ದನಿ ತನ್ನದೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ. "ಸದ್ದು ಮಾಡಿ ಕೆಮ್ತಿದಾನೆ, ಅಂದ್ರೆ ಉಸಿರಾಡ್ತಿದಾನೆ. ಬೆರಳು ಹಾಕಿದ್ರೆ ಇನ್ನೂ ಒಳಗೆ ಹೋಗುತ್ತೆ." ಅವನ ಕಣ್ಣು ಮಗನ ಮುಖ ಬಿಟ್ಟು ಕದಲಲಿಲ್ಲ.

ಸುಲ್ತಾನ ಇನ್ನೊಮ್ಮೆ ಬಲವಾಗಿ ಕೆಮ್ಮಿದ. ಅಂಚು ಬಾಣದಂತೆ ಹಾರಿ ಹಾಜಿಯ ಕನ್ನಡಕಕ್ಕೆ ಬಡಿದು ನೆಲಕ್ಕೆ ಬಿತ್ತು. ಮಗು ಉಸಿರೆಳೆದುಕೊಂಡಿತು, ನಕ್ಕಿತು. ಲಸ್ಸಾದನಿಗೂ ಆಗ ಉಸಿರು ಬಂತು.

ಖಾಲ್ತಿಯ ಮುಖ ಸುಣ್ಣದಂತಾಗಿತ್ತು. "ನಾನಿನ್ನು ಬಾಯಿ ಹಾಕಲ್ಲ ಮಗಾ," ಎಂದವಳು ಬಿದ್ದ ಅಂಚನ್ನೆತ್ತಿ ಎರಡು ಸಲ ಮುತ್ತಿಟ್ಟಳು.

ಸಿಹಾಮ್ ಒಳಬಂದಾಗ ಕಂಡದ್ದು ಇಷ್ಟು: ಗೋಡೆಯ ಗೂಡಿನಲ್ಲಿ ಗುಬ್ಬಿಗಳಂತೆ ಸಾಲಾಗಿ ಕೂತ ರೊಟ್ಟಿ ತುಂಡುಗಳು, ಕೆಳಗೆ ಕುಕ್ಕರಗಾಲಲ್ಲಿ ಮೂವರು ದೊಡ್ಡವರು, ಮೇಲೆ ಕೇಕೆ ಹಾಕುವ ಮಗ.

"ತಿಂದ್ನಾ?"

ಲಸ್ಸಾದ್ ಗೂಡಿನಲ್ಲಿದ್ದ ಸಾಲಿನತ್ತ ಕೈ ತೋರಿಸಿದ.

ಸಿಹಾಮ್ ಮೆಟ್ಟಿಲ ಮೇಲೆ ಕೂತು ಚೀಲದಿಂದ ಫೋನ್ ತೆಗೆದಳು. "ಹೋಗ್ಲಿ ಬಿಡು. ದೊಡ್ಡ ಮೇಡಂಗೆ ಬರಲ್ಲ ಅಂತ ಹೇಳ್ಬಿಡ್ತೀನಿ."

"ಇನ್ನೊಂದೇ ಒಂದ್ಸಲ," ಲಸ್ಸಾದ್ ಅಂಗಲಾಚಿದ. ಅಂಚು ತೆಗೆದು ಹೊಸ ತುಂಡು ಬಿಸಿ ಮಾಡಿ, ಎಣ್ಣೆ ಸವರಿ ಮಗನ ಮುಂದಿಟ್ಟ. ಎಲ್ಲರೂ ಅಭ್ಯಾಸಬಲದಿಂದ ಅರ್ಧ ಬಗ್ಗಿ ಕಾದರು.

ಸುಲ್ತಾನ ತುಂಡನ್ನೆತ್ತಿದ. ಬಗ್ಗಿದ ಬೆನ್ನುಗಳನ್ನು ಒಂದೊಂದಾಗಿ ನೋಡಿದ. ಬೆಳಗಿನಿಂದ ಇವರೆಲ್ಲ ಮಾಡಿದ್ದನ್ನು ತಾನೂ ಮಾಡಿದರೇನು ಎಂದು ಆ ಕಿತ್ತಳೆಯಂಥ ತಲೆಯೊಳಗೆ ಹೊಳೆದಿರಬೇಕು. ರೊಟ್ಟಿಯನ್ನು ತುಟಿಗೊತ್ತಿ ಮುತ್ತಿಟ್ಟ. ಹಣೆಗೆ ಬಡಿದುಕೊಂಡ, ಹುಬ್ಬೆಲ್ಲ ಎಣ್ಣೆಯಾಯಿತು. ಮತ್ತೆ ತುಟಿಗಿಟ್ಟ. ನಾಲಗೆ ಹೊರಬಂದು ರುಚಿ ನೋಡಿತು. ಒಸಡು ಒತ್ತಿತು. ದವಡೆ ಆಡಿತು. ತುತ್ತು ಗಂಟಲಲ್ಲಿ ಇಳಿಯಿತು.

"ನುಂಗಿದ!" ಹಾಜಿ ಬಾಯಿಂದಲೇ ಗಾರ್ಡಿನ ಸಿಳ್ಳೆ ಹಾಕಿದರು. ಸಿಹಾಮ್ ನಗುತ್ತಾ ಅಳುತ್ತಾ ಫೋನನ್ನು ಚೀಲಕ್ಕೆ ತುರುಕಿದಳು.

ಲಸ್ಸಾದ್ ಮೀಸೆ ತಿರುವಿ ಇನ್ನೊಂದು ತುಂಡು ಕೊಟ್ಟ. ಮಗ ತಿನ್ನಲಿಲ್ಲ. ಅದನ್ನು ನೆಲಕ್ಕೆ ಹಾಕಿ ಅಪ್ಪನನ್ನೇ ನೋಡಿದ. ಅಪ್ಪ ಬಗ್ಗಿ, ಮುತ್ತಿಟ್ಟು, ಹಣೆಗೊತ್ತಿ ಗೂಡಿನಲ್ಲಿಟ್ಟ ಮೇಲೆ ಮುಂದಿನದನ್ನು ನೆಮ್ಮದಿಯಾಗಿ ತಿಂದ. ಆಮೇಲೆ ಮತ್ತೊಂದು ನೆಲಕ್ಕೆ. ಹಾಜಿ ಬಗ್ಗಿದರೆ ಲೆಕ್ಕಕ್ಕಿಲ್ಲ. ಖಾಲ್ತಿ ಬಗ್ಗಿದರೂ ಇಲ್ಲ.

"ನೀನು ಸಲಾಂ ಹೊಡೆದ್ರೇನೇ ಊಟ," ಸಿಹಾಮ್ ಬಿದ್ದು ಬಿದ್ದು ನಕ್ಕಳು.

"ನಾಳೆ ಅಂಗಡೀಲಿ? ಗಿರಾಕಿಗಳ ಮುಂದೆ? ಅರ್ಧ ಗಡ್ಡ ಬೋಳಿಸಿ ಬಿಟ್ಟು?"

"ಮಾತು ಕೊಟ್ಟೋನು ನೀನೇ ಅಲ್ವಾ?"

ಲಸ್ಸಾದ್ ಸೊಂಟ ಹಿಡಿದುಕೊಂಡೇ ಬಗ್ಗಿದ, ಎದ್ದ, ಮತ್ತೆ ಬಗ್ಗಿದ. ಸಿಹಾಮ್ ಶಾಲೆಯ ಕೋಟನ್ನು ಹೊರತೆಗೆದು ಕೊಡವಿ, ನಾಳೆಗೆಂದು ಬಾಗಿಲ ಮೊಳೆಗೆ ನೇತುಹಾಕಿದಳು. ಸುಲ್ತಾನ ಕೊನೆಯ ತುಂಡನ್ನೂ ತನ್ನ ಕೈಯಾರೆ ತಿಂದು ಮುಗಿಸಿದ.