ಮ್ಯಾನೇಜರನ ಪಥ್ಯ

ಈ ಪ್ರಪಂಚದಲ್ಲಿ ಇಲ್ಲಿಯವರೆಗೆ ನಡೆದಿರುವ ಸಮಸ್ತ ಅನರ್ಥಗಳ ಮೂಲಕಾರಣವನ್ನು ಕಂಡುಹಿಡಿದ ಏಕೈಕ ವ್ಯಕ್ತಿ ಕಾಪುವಿನಲ್ಲಿ ವಾಸವಾಗಿದ್ದಾರೆ. ಅವರು ನನ್ನ ದೊಡ್ಡಮ್ಮ. ಆ ಕಾರಣದ ಹೆಸರು ನಂಜು!

ನಂಜೆಂದರೇನೆಂದು ಘಟ್ಟದ ಮೇಲಿನವರು ಕೇಳಿದರೆ ವಿವರಿಸುವುದು ಕಷ್ಟ. ಅದು ವಿಷವಲ್ಲ. ವಿಷ ತಿಂದರೆ ಸಾಯುತ್ತೇವೆ, ಅಲ್ಲಿಗೆ ಮುಗಿಯಿತು. ನಂಜು ತಿನ್ನುವಾಗ ಬಹಳ ರುಚಿಯಾಗಿರುತ್ತದೆ, ಆಮೇಲೆ ತುರಿಸುತ್ತದೆ. ಬದನೆಕಾಯಿ ನಂಜು, ಸಿಗಡಿ ನಂಜು, ಹಲಸಿನ ಹಣ್ಣು ನಂಜು, ಬಂಗುಡೆ ಮೀನಂತೂ ಮಹಾನಂಜು. ಮೈಯಲ್ಲಿ ಗಾಯವೋ ಕಜ್ಜಿಯೋ ಇದ್ದಾಗ ಇವನ್ನೆಲ್ಲ ಮುಟ್ಟಬಾರದು ಎಂಬುದು ನಮ್ಮ ಕಡೆಯ ಎಲ್ಲ ಮನೆಗಳ ನಂಬಿಕೆ. ದೊಡ್ಡಮ್ಮ ಈ ಶಾಸ್ತ್ರವನ್ನು ಚರ್ಮದಿಂದಾಚೆಗೂ ಬೆಳೆಸಿದ್ದಾರೆ, ಅಷ್ಟೆ. ಎದುರುಮನೆಯವನು ಸ್ಕೂಟರಿನಿಂದ ಬಿದ್ದಾಗ ಊರಿನವರೆಲ್ಲ ರಸ್ತೆಯ ಹೊಂಡವನ್ನು ನೋಡುತ್ತಿದ್ದರೆ, ದೊಡ್ಡಮ್ಮ ಮಾತ್ರ, "ಬೆಳಿಗ್ಗೆ ಎಂತ ತಿಂದಿದ್ದ ಅವನು?" ಎಂದು ಕೇಳಿದರು. ಸಿಗಡಿ ಸುಕ್ಕ ತಿಂದಿದ್ದನಂತೆ! "ನೋಡಿದಿರಾ?" ಎಂದರು. ಹೊಂಡ ಪಾಪ, ನಿರಪರಾಧಿ.

ಹಾಗೆಂದು ದೊಡ್ಡಮ್ಮ ಮೀನು ಬಿಟ್ಟವರಲ್ಲ. ದೊಡ್ಡಪ್ಪ ಮಲ್ಪೆಯಲ್ಲಿ ಮೀನಿನ ವ್ಯಾಪಾರ ಮಾಡಿ ತಲೆ ಬೆಳ್ಳಗೆ ಮಾಡಿಕೊಂಡವರು. ಆ ಮನೆಯಲ್ಲಿ ಎಲ್ಲರೂ ಸೌಖ್ಯವಾಗಿದ್ದರೆ ದಿನಾ ಬಂಗುಡೆಯೇ. ಯಾರಾದರೂ ಒಂದು ಸಲ ಸೀನಿದರೆ ಮಾತ್ರ ಅದೇ ಬಂಗುಡೆ ಕಟಕಟೆಗೆ ಬಂದು ನಿಲ್ಲುತ್ತದೆ.

ಇಂಥ ಮನೆಯಲ್ಲಿ ಕಾಯಿಲೆ ಬಿದ್ದದ್ದು ಮ್ಯಾನೇಜರ್. ಮ್ಯಾನೇಜರ್ ಎಂದರೆ ಅವರ ನಾಯಿ. ದಿನವಿಡೀ ನೆರಳಿನಲ್ಲಿ ಮಲಗಿರುತ್ತಾನೆ, ಬಂದವರನ್ನು ಕಂಡು ಗುರ್ ಎನ್ನುತ್ತಾನೆ, ಊಟದ ಹೊತ್ತಿಗೆ ಸರಿಯಾಗಿ ಎದ್ದು ಬರುತ್ತಾನೆ. ಇದನ್ನೆಲ್ಲ ನೋಡಿಯೇ ದೊಡ್ಡಪ್ಪ ಆ ಹೆಸರಿಟ್ಟದ್ದು. ಅಂಥವನು ಇದ್ದಕ್ಕಿದ್ದಂತೆ ಜ್ವರ ಬಂದು ಮುದುಡಿಕೊಂಡ. ಕಾರಿರುವ ಅಪರಾಧಕ್ಕಾಗಿ ಬನ್ನಂಜೆಯಿಂದ ನಾನು ಹೋಗಿ, ಅವನನ್ನು ಮಣಿಪಾಲದ ಪ್ರಾಣಿಗಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಉಣ್ಣಿ ಕಚ್ಚಿ ರಕ್ತದೊಳಗೆ ಪರೋಪಜೀವಿ ಸೇರಿದೆ ಎಂದು ಹೇಳಿ ಮಾತ್ರೆ ಕೊಟ್ಟರು. "ಮಧ್ಯದಲ್ಲಿ ನಿಲ್ಲಿಸಬಾರದು. ನಿಲ್ಲಿಸಿದರೆ ಜೀವಕ್ಕೇ ಅಪಾಯ," ಎಂದು ಎರಡೆರಡು ಸಲ ಹೇಳಿದರು. ನಾನು ಚಿಂತೆಯನ್ನೇ ಕಸುಬು ಮಾಡಿಕೊಂಡವನು. ನನಗೆ ಒಂದು ಸಲ ಹೇಳಿದ್ದರೂ ಸಾಕಿತ್ತು.

ಮಾತ್ರೆ ಶುರುವಾಗಿ ಕೆಲವು ದಿನಗಳಾಗಿರಬೇಕು. ಆದಿ ಉಡುಪಿಯ ನಮ್ಮ ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿತ್ತು. ದೊಡ್ಡಮ್ಮನ ಫೋನು ಬಂತು. ಫೋನು ರಿಂಗಾದರೆ ಯಾರು ಹೋದರಪ್ಪಾ ಎಂದುಕೊಂಡೇ ಎತ್ತುವವನು ನಾನು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಬಿಟ್ಟೆ.

"ಮಾರಾಯಾ, ಮ್ಯಾನೇಜರನ ಹೊಟ್ಟೆ ಪೂರಾ ಕೆಂಪಾಗಿದೆ! ಕಾಲು ಎತ್ತಿ ಎತ್ತಿ ತುರಿಸ್ತಾನೆ! ನಾಚಿಕೆ ಸಹ ಇಲ್ಲ ಅವನಿಗೆ!"

ಮೇಜಿನ ತುದಿಯಲ್ಲಿ ಕುಳಿತಿದ್ದ ನಮ್ಮ ನಿಜವಾದ ಮ್ಯಾನೇಜರು ನಿಧಾನವಾಗಿ ಅಂಗಿಯ ಗುಂಡಿ ಸರಿಮಾಡಿಕೊಂಡರು. ಆ ಸಲದ ನನ್ನ ರಜೆಯ ಅರ್ಜಿ ಓದದೆಯೇ ಮಂಜೂರಾಯಿತು.

ಹೋಗಿ ನೋಡಿದರೆ ಹೌದು, ಹೊಟ್ಟೆಯ ಅಡಿಯಲ್ಲಿ, ಕಿವಿಯ ಒಳಗೆ, ತೊಡೆಯ ಸಂದಿಯಲ್ಲಿ ಕೆಂಪು ಕೆಂಪು. ನೋಡುತ್ತಾ ನಿಂತವನಿಗೆ ನನ್ನ ಮೊಣಕೈಯೂ ಯಾಕೋ ತುರಿಸಿತು. ಸ್ವಲ್ಪ ಹೊತ್ತಿನಲ್ಲಿ ಬೆನ್ನೂ ತುರಿಸಿತು. ಪರೋಪಜೀವಿ ನನಗೂ ಹತ್ತಿತೆಂದು ಖಾತ್ರಿಯಾಗಿ, ಮನೆಗೆ ಹೋಗುವ ಮೊದಲೇ ಚರ್ಮದ ಡಾಕ್ಟರೊಬ್ಬರಿಗೆ ತೋರಿಸಿಕೊಂಡೆ. ಅವರು ನೋಡಿ, "ಇದಕ್ಕೆ ಬೆವರುಸಾಲೆ ಅಂತಾರೆ. ಫ್ಯಾನಿನ ಕೆಳಗೆ ಕೂತುಕೊಳ್ಳಿ," ಎಂದರು.

ಅದಿರಲಿ. ದೊಡ್ಡಮ್ಮ ಅಷ್ಟರಲ್ಲಿ ಕಾಯಿಲೆಯ ಮೂಲವನ್ನು ಹಿಡಿದಾಗಿತ್ತು.

"ಮಾತ್ರೆಯದ್ದು ಎಂತ ತಪ್ಪೂ ಇಲ್ಲ. ಮದ್ದು ತಗೊಳ್ಳುವಾಗ ಪಥ್ಯ ಮಾಡಬೇಕೋ ಬೇಡವೋ? ಮೊನ್ನೆ ಬಂಗುಡೆಯ ತಲೆ ತಿಂದಿದ್ದಾನೆ. ನಂಜು ಏರಿದೆ."

"ದೊಡ್ಡಮ್ಮಾ, ನಾಯಿಗೂ ನಂಜುಂಟಾ?"

"ಅವನಿಗೆ ಚರ್ಮ ಉಂಟಲ್ಲ?"

ನಾನು ಮ್ಯಾನೇಜರನ ಚರ್ಮವನ್ನು ಇನ್ನೊಮ್ಮೆ ನೋಡಿದೆ.

ಮ್ಯಾನೇಜರನಿಗೆ ಕುಚ್ಚಲಕ್ಕಿ ಗಂಜಿ ಮತ್ತು ಬೇಯಿಸಿದ ಸೌತೆಕಾಯಿಯ ಪಥ್ಯ ಆರಂಭವಾಯಿತು. ಆದರೆ ಅಡುಗೆಮನೆಯಲ್ಲಿ ಮೀನು ಹುರಿಯುವಾಗ ಹೊರಗೆ ಸೌತೆಕಾಯಿ ತಿನ್ನಲು ಅವನೇನು ಸನ್ಯಾಸಿಯೇ? ಮುಖ ತಿರುಗಿಸಿದ. ಅವನ ಮನಸ್ಸು ಕೆಡಬಾರದೆಂದು ದೊಡ್ಡಮ್ಮ ಮರುದಿನವೇ ಇಡೀ ಮನೆಗೆ ಪಥ್ಯ ಘೋಷಿಸಿಬಿಟ್ಟರು. ಸಮುದ್ರದಿಂದ ಕೂಗಳತೆಯಲ್ಲಿರುವ ಮನೆ! ಹುಟ್ಟಿದಂದಿನಿಂದ ಮೀನಿಲ್ಲದೆ ಅನ್ನಕ್ಕೆ ಕೈ ಹಾಕದ ದೊಡ್ಡಪ್ಪ! ಅವರು ನನ್ನನ್ನು ತೆಂಗಿನ ಮರದ ಬುಡಕ್ಕೆ ಕರೆದು, ಯಾರಿಗೂ ಕೇಳದಂತೆ ಪಿಸುಗುಟ್ಟಿದರು: "ಹುಳ ಆದದ್ದು ನಾಯಿಗೆ. ಮಾತ್ರೆ ತಿನ್ನುವುದು ನಾಯಿ. ಸೌತೆಕಾಯಿ ನನಗೆ ಯಾಕೆ ಮಾರಾಯಾ? ನನಗೆ ಬೇಕಾದರೆ ಮಾತ್ರೆಯನ್ನೇ ಕೊಡಲಿ, ನುಂಗ್ತೇನೆ."

ಎರಡು ದಿನ ತಡೆದರು. ಮೂರನೆಯ ದಿನ, "ಬ್ಯಾಂಕಿನಲ್ಲಿ ಸ್ವಲ್ಪ ಕೆಲಸ ಉಂಟು," ಎಂದು ಪೇಟೆಗೆ ಹೋದರು. ಹೋಟೆಲಿನಲ್ಲಿ ಬಂಗುಡೆ ಫ್ರೈ ಉಂಡರು. ಸೋಪು ಹಾಕಿ ಕೈ ತೊಳೆದರು, ಲಿಂಬೆ ಉಜ್ಜಿದರು, ಎಲೆಯಡಿಕೆ ಹಾಕಿದರು. ಯಾವ ಕುರುಹನ್ನೂ ಉಳಿಸದೆ ಮನೆಗೆ ಬಂದು ಜಗಲಿಯಲ್ಲಿ ಕುಳಿತರು. ಅಷ್ಟು ದಿನ ತಲೆಯನ್ನೇ ಎತ್ತದೆ ಮಲಗಿದ್ದ ಮ್ಯಾನೇಜರ್ ಮೆಲ್ಲಗೆ ಎದ್ದ. ದೊಡ್ಡಪ್ಪನ ಬಲಗೈಯ ಐದೂ ಬೆರಳುಗಳನ್ನು ಒಂದೊಂದಾಗಿ, ಶ್ರದ್ಧೆಯಿಂದ ನೆಕ್ಕಿದ.

ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಬ್ಯಾಂಕಿನಲ್ಲಿ ಈಗ ಬಂಗುಡೆ ಸಹ ಕೊಡ್ತಾರಾ?"

ಮೀನು ಮುಟ್ಟಿದ ಕೈ ಎಂದು ನಾಯಿಗೂ ಬೈಗುಳ: "ಛೀ! ನಂಜು! ಬಿಡು!" ಅವನು ಬಾಲ ಇಳಿಸಿಕೊಂಡು ಮೂಲೆಗೆ ಹೋದ.

ಕೆಂಪು ಮಾತ್ರ ಇಳಿಯಲಿಲ್ಲ. ನಂಜಿನ ಶಾಸ್ತ್ರಕ್ಕೆ ಬಗ್ಗದ ಕೆಂಪೆಂದರೆ ಅದು ಸರ್ಪಸುತ್ತೇ ಸರಿ ಎಂದು ದೊಡ್ಡಮ್ಮ ತೀರ್ಮಾನಿಸಿದರು. ಸೊಂಟದ ಸುತ್ತ ಬೊಕ್ಕೆಯೆದ್ದು ಉರಿಯುವ ಕಾಯಿಲೆ ಅದು. ಎರಡು ತುದಿ ಕೂಡಿದರೆ ಸಾವು ಎಂದು ಹಿರಿಯರು ನಂಬುತ್ತಿದ್ದರು. ಅದಕ್ಕೆ ಕೆಂಪು ಕಾವಿಮಣ್ಣು ಕಲಸಿ ಹಚ್ಚುವವರು ಕಾರ್ಕಳದ ಕಡೆ ಒಬ್ಬರಿದ್ದಾರೆ. "ಮಣಿಪಾಲಕ್ಕೆ ಹೋಗುವ, ಡಾಕ್ಟರಿಗೆ ತೋರಿಸುವ," ಎಂದು ನಾನು ಗೋಗರೆದೆ. "ನಾಳೆ ಮಣಿಪಾಲ, ಇವತ್ತು ಕಾರ್ಕಳ," ಎಂದರು. ತುದಿ ಕೂಡಿಬಿಟ್ಟರೆ ಎಂಬ ಹೆದರಿಕೆ ಒಳಗೊಳಗೆ ನನಗೂ ಇದ್ದದ್ದರಿಂದ ಕಾರು ಕಾರ್ಕಳಕ್ಕೆ ಹೊರಟಿತು. ವಿದ್ಯಾವಂತನಾಗಿರುವುದರ ಲಾಭವೇ ಇದು. ಎರಡೂ ಕಡೆಯಿಂದ ಹೆದರಬಹುದು.

ಕಾವಿ ಹಚ್ಚುವವರು ಮೊದಲು ನನ್ನನ್ನು ನೋಡಿದರು. "ಬನ್ನಿ, ಅಂಗಿ ತೆಗೀರಿ."

"ನನಗಲ್ಲ, ಇವನಿಗೆ."

ಅವರು ನಾಯಿಯನ್ನು ನೋಡಿದರು, ದೊಡ್ಡಮ್ಮನನ್ನು ನೋಡಿದರು. "ಅಮ್ಮಾ, ಇಷ್ಟರವರೆಗೆ ನಾಯಿಗೆ ಹಾಕಿದ್ದಿಲ್ಲ ನಾನು. ಕಚ್ಚುತ್ತದಾ?"

"ಗುರ್ ಹೇಳ್ತಾನೆ ಅಷ್ಟೆ. ಮ್ಯಾನೇಜರ್ ಅಲ್ವಾ!"

ಅವರು ಏನೋ ಮಣಮಣ ಹೇಳುತ್ತಾ ಹೊಟ್ಟೆಯಿಂದ ಬೆನ್ನಿನವರೆಗೆ ಕಾವಿ ಬಳಿದರು. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಕುಳಿತಿದ್ದದ್ದು ನಾಯಿಯೋ ಹೊಸತಾಗಿ ಬಣ್ಣ ಬಳಿದ ಕಂಬವೋ ಹೇಳುವಂತಿರಲಿಲ್ಲ. ನನ್ನ ಕಾರಿನ ಸೀಟಿಗೂ ಅಂದಿನಿಂದ ಸರ್ಪಸುತ್ತು.

ಮರುದಿನ ಮಣಿಪಾಲ. ಈ ಸಲ ದೊಡ್ಡಮ್ಮ, ದೊಡ್ಡಪ್ಪ ಇಬ್ಬರೂ ಬಂದರು. ಮೇಜಿನ ಮೇಲೆ ನಿಲ್ಲಿಸಿದ ಮ್ಯಾನೇಜರನನ್ನು ಕಂಡು ಡಾಕ್ಟರು ಬೆಚ್ಚಿದರು. "ಅಯ್ಯೋ, ಇಷ್ಟು ಕೆಂಪು ಯಾವಾಗಿಂದ?"

ದೊಡ್ಡಪ್ಪ ಹೇಳಿದರು: "ನಿನ್ನೆ ಕಾರ್ಕಳದಿಂದ."

ವಿಷಯ ತಿಳಿದ ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಬೆಚ್ಚಗಿನ ನೀರು ತರಿಸಿ ಹತ್ತಿಯಿಂದ ಒರೆಸತೊಡಗಿದರು. ಒರೆಸಿದಷ್ಟೂ ಕಾವಿ ಹೋಗಿ ಅಡಿಯಿಂದ ನಿಜವಾದ ಕೆಂಪು ಕಾಣಿಸಿತು. ಅದರ ಜೊತೆಗೆ ಇನ್ನೊಂದೂ ಕಾಣಿಸಿತು. ಇಷ್ಟು ದಿನ ಕೆಂಪನ್ನೇ ನೋಡುತ್ತಿದ್ದ ನಮಗೆ ಗೊತ್ತೇ ಆಗದಿದ್ದ ಪಕ್ಕೆಲುಬುಗಳು.

"ಇದು ನಾನು ಕೊಟ್ಟ ಮಾತ್ರೆ ಒಗ್ಗದೆ ಬಂದ ಕೆಂಪಿರಬಹುದು. ಕೆಲವು ನಾಯಿಗಳಿಗೆ ಆಗುತ್ತದೆ. ಬೇರೆ ಮದ್ದು ಕೊಡುತ್ತೇನೆ, ಅದಕ್ಕೆ ಹೆದರಬೇಡಿ," ಎಂದರು ಡಾಕ್ಟರು. "ಆದರೆ ಇವನು ಏನು ತಿನ್ನುತ್ತಿದ್ದಾನೆ?"

"ಪಥ್ಯದ ಗಂಜಿ ಇಟ್ಟರೆ ಮೂಸಿಯೂ ನೋಡುವುದಿಲ್ಲ," ಎಂದೆ ನಾನು.

"ನೋಡಿ, ಹೊಟ್ಟೆಗೆ ಏನೂ ಹೋಗದಿದ್ದರೆ ಮದ್ದು ನಿಲ್ಲುವುದಿಲ್ಲ, ವಾಂತಿಯಾಗುತ್ತದೆ. ಮದ್ದು ತಪ್ಪಿದರೆ ಇವನು ಉಳಿಯುವುದು ಕಷ್ಟ. ಇವತ್ತು ತಿನ್ನಲೇಬೇಕು. ಅವನಿಗೆ ಬಹಳ ಇಷ್ಟವಾದದ್ದು ಏನು?"

ಕೋರ್ಟಿನಲ್ಲಿ ಸಾಕ್ಷಿ ಹೇಳುವವರಂತೆ ದೊಡ್ಡಪ್ಪ ನೆಲ ನೋಡುತ್ತಾ, "ಬಂಗುಡೆ," ಎಂದರು.

"ಕೊಡಿ. ಉಪ್ಪು ಖಾರ ಬೇಡ, ಬೇಯಿಸಿ ಮುಳ್ಳು ತೆಗೆದು ಕೊಡಿ."

ದೊಡ್ಡಮ್ಮನ ತುಟಿ ಅಲುಗಿತು. ಏನು ಹೇಳಲು ಹೊರಟಿದ್ದರೆಂದು ದೊಡ್ಡಪ್ಪನಿಗೂ ನನಗೂ ಗೊತ್ತು. ಹೇಳಲಿಲ್ಲ. ಕಾಪು ಮುಟ್ಟುವವರೆಗೂ ಮ್ಯಾನೇಜರನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಅಷ್ಟು ದೂರ ಅವರು ಸುಮ್ಮನಿದ್ದದ್ದನ್ನು ನಾನು ಕಂಡದ್ದೇ ಇಲ್ಲ. ಹಾಗಾಗಿ ಅವರಿಗೂ ಜ್ವರವೇ ಎಂದು ಬೇರೆ ಚಿಂತೆಯಾಯಿತು.

ಬಂಗುಡೆ ಬೆಂದಿತು. ದೊಡ್ಡಪ್ಪ ಒಂದು ಮೀನಿನ ಮುಳ್ಳು ಬಿಡಿಸಿ ತಟ್ಟೆಯನ್ನು ಜಗಲಿಗೆ ತಂದು ಮ್ಯಾನೇಜರನ ಮುಂದಿಟ್ಟರು. ಅವನ ಮೂಗು ಅರಳಿತು, ಕತ್ತು ಮುಂದೆ ಬಂತು. ಆದರೆ ಬಾಯಿ ಹಾಕಲಿಲ್ಲ. ತಟ್ಟೆಯನ್ನು ಬಿಟ್ಟು ದೊಡ್ಡಮ್ಮನ ಮುಖ ನೋಡಿದ. ಮತ್ತೆ ತಟ್ಟೆ, ಮತ್ತೆ ಮುಖ. ಆಮೇಲೆ ಬಾಲ ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದು ಮಲಗಿಬಿಟ್ಟ. ಅಷ್ಟೂ ದಿನ ಅವರು ಹೇಳಿಕೊಟ್ಟದ್ದನ್ನು ಆ ಮನೆಯಲ್ಲಿ ಸರಿಯಾಗಿ ಕಲಿತವನು ಅವನೊಬ್ಬನೇ.

ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು, ಮಂಡಿನೋವನ್ನೂ ಮರೆತು ನೆಲಕ್ಕೆ ಕುಳಿತರು. ಐವತ್ತು ದಾಟಿದ ನನ್ನನ್ನು ಅವರು ಕರೆಯುವುದು ಮಾರಾಯಾ ಎಂದು. ಅವನನ್ನು ಕರೆದದ್ದು ಬೇರೆಯೇ ರೀತಿಯಲ್ಲಿ.

"ಬಾ ಮಗಾ. ನಂಜಿಲ್ಲ."

ಅವನು ಕಿವಿ ಅಲುಗಿಸಿದ, ಏಳಲಿಲ್ಲ.

"ನಾನು ಸುಮ್ಮನೆ ಹೇಳಿದ್ದು ಮಗಾ. ನಂಜು ಗಿಂಜು ಎಂತದೂ ಇಲ್ಲ. ಇಕೋ ನೋಡು, ನಾನೇ ತಿನ್ತೇನೆ." ಉಪ್ಪಿಲ್ಲದ, ಖಾರವಿಲ್ಲದ ಆ ಸಪ್ಪೆ ಮೀನಿನ ತುಣುಕನ್ನು ಬಾಯಿಗೆ ಹಾಕಿಕೊಂಡು, ಅವನಿಗೆ ಕಾಣುವ ಹಾಗೆ ಅಗಿದು ಅಗಿದು ನುಂಗಿದರು. ಇನ್ನೊಂದು ತುಣುಕನ್ನು ಅಂಗೈಯಲ್ಲಿಟ್ಟು ಅವನ ಮೂಗಿನ ಹತ್ತಿರ ಹಿಡಿದರು.

ಅವನು ಮೊದಲು ಕೈ ನೆಕ್ಕಿದ. ಆಮೇಲೆ ತುಣುಕನ್ನು ತೆಗೆದುಕೊಂಡ.

ದೊಡ್ಡಮ್ಮ ಮುಂದಿನ ಮೀನಿಗೆ ಕೈ ಹಾಕಿದರು. ಬೆರಳು ಮುಳ್ಳನ್ನು ಹುಡುಕುತ್ತಿತ್ತು, ನೀರು ತುಂಬಿದ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು. "ನೀನು ಬಿಡಿಸು ಮಾರಾಯಾ. ಒಂದು ಮುಳ್ಳು ಸಹ ಉಳಿಯಬಾರದು."

ಇಲ್ಲದ ಮುಳ್ಳನ್ನೂ ಹುಡುಕುವುದರಲ್ಲಿ ನನ್ನನ್ನು ಮೀರಿಸುವವರುಂಟೇ? ನಾನು ಬಿಡಿಸುತ್ತಾ ಹೋದೆ. ಅವರು ಕೊಡುತ್ತಾ ಹೋದರು. ಅವನು ತಿಂದ.