ತೊಯ್ಯದ ಗುರ್ಜಿ

ಮಾಯಪ್ಪನಿಗೆ ಬೇಕಾಗಿದ್ದದ್ದು ಒಂದು ರೇನ್‌ಕೋಟು, ಅಷ್ಟೇ. ಹಗುರವಾಗಿರಬೇಕು, ಮಡಚಿದರೆ ಚೀಲದ ಮೂಲೆಯಲ್ಲಿ ಕೂಡಬೇಕು, ಬೆಲೆ ಕೇಳಿ ಎದೆ ಹಿಡಿದುಕೊಳ್ಳುವಂತಿರಬಾರದು. ರವಿವಾರ ನಸುಕಿನಲ್ಲಿ ಕಾರ್ಖಾನೆಯ ಗೆಳೆಯರು ಘಟ್ಟದ ಕಡೆ ಚಾರಣಕ್ಕೆ ಹೊರಟಿದ್ದರು. "ರೇನ್‌ಕೋಟ್ ಇಲ್ಲದವ್ರಿಗೆ ಗಾಡಿಯಾಗ ಜಾಗಾ ಇಲ್ಲ ನೋಡ್ರಿ," ಎಂದು ಮುಂದಾಳು ಈಶ್ವರ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕೆಲಸ ಮಾಯಪ್ಪನದು. ಹಂಗಾಮು ಮುಗಿಯುವವರೆಗೆ ಟ್ರ್ಯಾಕ್ಟರ್ ಡ್ರೈವರುಗಳ ಬೈಗುಳ, ಅಂಕಲಗಿಯ ಮನೆಗೆ ಬಂದರೆ ಓಣಿಯವರ ಬಿಟ್ಟಿ ಚಾಕರಿ. ಯಾರದೋ ಪಂಪು ಸುಟ್ಟಿತು, ಯಾರನ್ನೋ ದವಾಖಾನೆಗೆ ಒಯ್ಯಬೇಕು, ಎಲ್ಲದಕ್ಕೂ ಮಾಯಪ್ಪನೇ. ಪಾಪ, ದಣಿದುಹೋಗಿದ್ದ. ಯಾರೂ ತನ್ನ ಹೆಸರು ಹಿಡಿದು ಕೂಗದ ಜಾಗದಲ್ಲಿ ಒಂದು ದಿನ ಇರಬೇಕೆಂಬುದೇ ಅವನ ಆಸೆ. ಅದಕ್ಕಿಂತ ದೊಡ್ಡ ಆಸೆಗಳನ್ನು ಅವನು ಎಂದೋ ಕೈಬಿಟ್ಟಿದ್ದ.

ಶನಿವಾರ ಬೆಳಿಗ್ಗೆ ಗೋಕಾಕದ ಪೇಟೆಗೆ ಹೋದ. ಅಂಗಡಿಯವನು ಮೊದಲು ತೆಗೆದ ಕೋಟು ಎಷ್ಟು ಭಾರವಿತ್ತೆಂದರೆ ಅದನ್ನು ತೊಟ್ಟು ಗುಡ್ಡ ಹತ್ತುವುದೂ ಒಂದೇ, ಕಬ್ಬಿನ ಹೊರೆ ಹೊತ್ತು ಹತ್ತುವುದೂ ಒಂದೇ. ಎರಡನೆಯದು ಹಗುರವಿತ್ತು, ಆದರೆ ಬೆಲೆ ಕೇಳಿದ ಕೂಡಲೇ ಮಾಯಪ್ಪ ಮುಟ್ಟಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಮೂರನೆಯದು ಹಸಿರು ಬಣ್ಣದ್ದು, ತೆಳ್ಳಗೆ, ಟೊಪ್ಪಿಗೆ ಸಮೇತ. ಮಡಚಿದರೆ ಅಂಗೈಯಗಲ, ಬೆಲೆಯೂ ಅಗ್ಗ.

"ಒಳಗ ನೀರ ಇಳಿಯೂದಿಲ್ಲಲ್ರಿ?"

"ಇಳಿದ್ರ ತಂದ್ ನನ್ನ ಮಾರಿಮ್ಯಾಲೆ ಒಗೀರಿ, ಸಾಹೇಬ್ರ!"

ಅಗ್ಗದ ಮಾಲಿಗೆ ಇಷ್ಟು ದೊಡ್ಡ ಭರವಸೆ ಸಿಕ್ಕಿದ್ದೇ ಮಾಯಪ್ಪನಿಗೆ ಸಂಶಯ ತಂದಿತು. ಮನೆಗೆ ಬಂದವನೇ ಸುಡುಬಿಸಿಲಿನಲ್ಲಿ ಕೋಟು ತೊಟ್ಟು, ಟೊಪ್ಪಿಗೆ ಎಳೆದುಕೊಂಡು ಬಾಗಿಲ ಮುಂದೆ ನಿಂತ. "ಒಂದ್ ಕೊಡ ನೀರ ತಲಿಮ್ಯಾಲೆ ಹಾಕ. ಹೊಲಿಗಿಯಾಗ ಇಳಿತೈತೇನ ನೋಡೂಣು," ಎಂದು ಹೆಂಡತಿಗೆ ಹೇಳಿದ.

"ಬಿಸಲ ತಲಿಗೇರೈತಿ ನಿಮಗ," ಎನ್ನುತ್ತಲೇ ವಿಜಯಶ್ರೀ ಸುರಿದಳು.

ಮಿರಗದ, ಅಂದರೆ ಮೃಗಶಿರೆಯ, ಮಳೆ ಬರುವ ಕಾಲ ಬಂದರೂ ಹನಿ ಬಿದ್ದಿರಲಿಲ್ಲ. ಬಿತ್ತನೆಗೆ ಊರೆಲ್ಲ ಮೋಡ ನೋಡುತ್ತ ಕುಳಿತಿತ್ತು. ಹೀಗೆ ಮಳೆ ತಡವಾದಾಗ ಒಬ್ಬನ ತಲೆಯ ಮೇಲೆ ರೊಟ್ಟಿಯ ಹಂಚು, ಅದರ ಮೇಲೆ ಗುರ್ಜಿ ಎಂಬ ಸಗಣಿಯ ಮಳೆಗೊಂಬೆ ಇಟ್ಟು, ಮನೆಮನೆಗೆ ಕರೆದೊಯ್ದು ನೀರು ಸುರಿಯುವುದು ಈ ಕಡೆಯ ರೂಢಿ; ಹೊತ್ತವನನ್ನೂ ಗುರ್ಜಿ ಎಂದೇ ಕರೆಯುತ್ತಾರೆ. ಎದುರುಮನೆಯ ಮುದುಕಿ ಅಲ್ಲವ್ವನ ಕಣ್ಣಿಗೆ ಬಿದ್ದದ್ದು ತಲೆಯ ಮೇಲೆ ನೀರು ಸುರಿಸಿಕೊಳ್ಳುತ್ತಿರುವ ಗಂಡಸು.

"ಯವ್ವಾ! ಮಾಯಪ್ಪ ಗುರ್ಜಿ ಆಗ್ಯಾನ! ಊರಿನ ಚಿಂತಿ ಒಬ್ಬಾಂವ್ಗರ ಐತಲ್ಲ!"

"ಗುರ್ಜಿ ಅಲ್ಲ ಆಯಿ, ಕೋಟ್ ಪರೀಕ್ಷಾ ಮಾಡಾಕತ್ತೇನಿ," ಎನ್ನುವಷ್ಟರಲ್ಲಿ ಅಲ್ಲವ್ವನ ಕೊಡ ಅವನ ತಲೆಯ ಮೇಲೆ ಖಾಲಿಯಾಗಿತ್ತು. ಓಣಿಯ ಹಿರಿಯ ಯಲ್ಲಪ್ಪ ಕಾಕಾ ಹಂಚು, ಸಗಣಿ, ಗರಿಕೆ ಎಲ್ಲ ತಂದು ತಾನೇ ಟೊಪ್ಪಿಗೆಯ ಮೇಲೆ ಇಟ್ಟ.

"ಕಾಕಾ, ನಾಳೆ ನಸಿಕಿನ್ಯಾಗ ನಾ ಘಟ್ಟಕ್ಕ ಹೋಗಾಂವ ಅದೀನ್ರಿ..."

"ನಾಳಿದ್ ನಾಳೆ. ಈಗ ನಡಿ. ಒಂದ್ ಮನಿ ಬಿಟ್ಟಿ ಅಂದ್ರ, ಅವ್ರ ಹೊಲಕ್ಕ ಮಳಿ ಆಗ್ಲಿಲ್ಲಂದ್ರ ನಿನ್ನ ಹೆಸರ ಹೇಳ್ತಾರ."

ಮಾಯಪ್ಪ ನಡೆದ. ಇಲ್ಲ ಎನ್ನಲು ಬರುತ್ತಿದ್ದರೆ ಅವನ ಬದುಕು ಇಷ್ಟೊಂದು ದಣಿಯುತ್ತಲೇ ಇರಲಿಲ್ಲ. ಪ್ರತಿ ಬಾಗಿಲಲ್ಲೂ ಕೊಡಗಟ್ಟಲೆ ನೀರು ಬಿತ್ತು. ಆದರೆ ಆಶ್ಚರ್ಯ, ಒಳಗೆ ಅಂಗಿ ಬೆಚ್ಚಗೇ ಇತ್ತು! ಗುರ್ಜಿಯಾಗಿ ಅವನು ಸುಸ್ತಾದ, ಗಿರಾಕಿಯಾಗಿ ಹಿಗ್ಗಿದ. ಕೊನೆಯ ಮನೆ ಮುಗಿದು ಹನುಮಪ್ಪನ ಗುಡಿಯ ಕಟ್ಟೆಗೆ ಬಂದಾಗ ಆ ಹಿಗ್ಗು ತಡೆಯಲಾರದೆ ಹಂಚು ಇಳಿಸಿ, ಕೋಟು ಬಿಚ್ಚಿ ತೋರಿಸಿದ.

"ನೋಡ್ರಿ ಕಾಕಾ! ಒಂದ್ ಹನಿ ಒಳಗ ಬಂದಿಲ್ಲ!"

ಕಾಕಾ ಅವನ ಅಂಗಿ ಮುಟ್ಟಿ ನೋಡಿದ. ಬೆನ್ನು ಸವರಿದ. ಮುಖ ಕಪ್ಪಿಟ್ಟಿತು.

"ಖರೇನ ಒಣಗೇ ಅದಾನ! ಗುರ್ಜಿ ತೊಯ್ಲಿಲ್ಲಂದ್ರ ಮಳಿ ಎಲ್ಲಿಂದ ಬರಬೇಕೋ? ದೇವ್ರಿಗೇ ಮೋಸ ಮಾಡಿದ್ಯಲ್ಲೋ ಮಾಯಪ್ಪಾ!"

ಜನ ಹೌದು ಹೌದು ಎಂದರು. ಮೊದಲ ಮನೆಯಿಂದ ಮತ್ತೆ ಶುರುವಾಯಿತು. ಈ ಸಲ ಒಂದೊಂದು ಕೊಡವೂ ಬನಿಯನ್ ದಾಟಿ ಎಲುಬಿನವರೆಗೆ ಇಳಿಯಿತು. ಹಿಂದೆ ಬರುತ್ತಿದ್ದ ವಿಜಯಶ್ರೀ, ಹೊಸದೆಂದು, ಒರೆಸಿ ಮಡಚಿದ ರೇನ್‌ಕೋಟು ಮತ್ತೆ ತೊಯ್ಯದಂತೆ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ಸಂಜೆ ಮಾಯಪ್ಪ ಮೆಣಸಿನ ಕಷಾಯ ಕುಡಿಯುತ್ತ ಸೀನುತ್ತಿದ್ದಾಗ ಪಡುವಣ ಕಪ್ಪಾಯಿತು. ನೋಡನೋಡುತ್ತಲೇ ಮಳೆ ಧೋ ಎಂದು ಇಳಿಯಿತು. "ಮಾಯಪ್ಪಾ! ಮಾಯಪ್ಪಾ!" ಎಂದು ಓಣಿಯೇ ಕೂಗಿ ಕುಣಿಯಿತು. ಕೂಗಲಿ ಬಿಡು, ನಾಳೆ ಈ ಹೊತ್ತಿಗೆ ನಾನು ಘಟ್ಟದಲ್ಲಿರುತ್ತೇನೆ ಎಂದುಕೊಂಡ. ಜ್ವರ ಬಂದರೂ ಚಿಂತೆಯಿಲ್ಲ, ಕೋಟು ಗಟ್ಟಿಯಿದೆ.

ತಾಸು ಕಳೆದರೂ ಮಳೆ ನಿಲ್ಲಲಿಲ್ಲ. ಅಷ್ಟರಲ್ಲಿ ಈಶ್ವರನ ಫೋನು ಬಂತು.

"ಟ್ರಿಪ್ ಕ್ಯಾನ್ಸಲ್ ಆತ್ರಿ ಮಾಯಪ್ಪನವರ. ಮಧ್ಯಾಹ್ನದಿಂದ ಘಟ್ಟದಾಗ ಹುಚ್ಚ ಮಳಿ. ಗುಡ್ಡಕ್ಕ ಯಾರ್ನೂ ಬಿಡವಲ್ರು. ಯಾವ ಪುಣ್ಯಾತ್ಮ ಬೇಡ್ಕೊಂಡಿದ್ನೋ ಏನೋ!"

ಉತ್ತರವಾಗಿ ಮಾಯಪ್ಪ ಒಂದು ಸೀನು ಸೀನಿದ. ಫೋನು ಇಡುವಷ್ಟರಲ್ಲಿ ಯಲ್ಲಪ್ಪ ಕಾಕಾ ಬಾಗಿಲಲ್ಲಿದ್ದ.

"ಮಾಯಪ್ಪಾ, ಹೊಲದ ಒಡ್ಡ ಒಡದೈತಂತ, ನೋಡ್ಕೊಂಡ ಬರಬೇಕು. ಆ ನಿನ್ನ ಕೋಟ್ ಕೊಡ. ನೀ ಏನ್, ಮನ್ಯಾಗ ಇರಾಂವ. ಒಂದ್ ಹನಿ ಒಳಗ ಬರೂದಿಲ್ಲ ಅಂತ ನೀನ ಹೇಳೀಯಲ್ಲ?"

ವಿಜಯಶ್ರೀ ಒಳಗಿನಿಂದ ಕೋಟು ತಂದು ಕೊಟ್ಟಳು. ಕಾಕಾ ಅದನ್ನು ತೊಟ್ಟು, ಟೊಪ್ಪಿಗೆ ಎಳೆದುಕೊಂಡು, ಬೆಚ್ಚಗೆ ಮಳೆಯಲ್ಲಿ ಇಳಿದುಹೋದ. ಹಸಿರು ಬೆನ್ನು ಮರೆಯಾಗುವ ತನಕ ಮಾಯಪ್ಪ ನೋಡುತ್ತ ನಿಂತ. ಅಳು ಬರುವಂತಿತ್ತು, ಆದರೆ ಅದಕ್ಕೂ ಮತ್ತೊಂದು ಸೀನು ಅಡ್ಡ ಬಂತು.

"ಯಪ್ಪಾ ಮಾಯಪ್ಪಾ!" ಎದುರುಮನೆಯಿಂದ ಅಲ್ಲವ್ವನ ದನಿ. "ಮಾಳಿಗಿ ಸೋರಾಕತ್ತೈತಿ, ಲಗೂ ಬಾರೋ!"

ಮಾಯಪ್ಪ ಮೂಲೆಯಲ್ಲಿದ್ದ ಖಾಲಿ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಹೊರಬಿದ್ದ. ಹಗುರವಾಗಿತ್ತು, ನೀರೂ ಇಳಿಯುತ್ತಿರಲಿಲ್ಲ, ಕಾಸಂತೂ ಕೊಡಬೇಕಾಗಿರಲಿಲ್ಲ.